ಅಧ್ಯಕ್ಷರ ಹೊಟ್ಟೆಯ ಅಳತೆ

"ಕೈ ಇತ್ಲಾಗ್ ಕೊಡಿ ಭಾವ, ಇನ್ಮೇಲೆ ನಡುಕ ಅನ್ನೋದೇ ಇಲ್ಲ" ಎನ್ನುತ್ತ ಷಡಕ್ಷರಿ ಹೊಸ ಯಂತ್ರವನ್ನು ಮೇಜಿನ ಮೇಲಿಟ್ಟ. ಐಟಿಐನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತನಾದ ಈ ಭಾಮೈದ ಏನಾದರೂ ಕಂಡುಹಿಡಿದನೆಂದರೆ ಮನೆಯ ಒಂದು ಸಾಮಾನು ಮಾಯವಾಗಿದೆಯೆಂದೇ ಅರ್ಥ. ಈ ಸಲ ಅಕ್ಕನ ಮಿಕ್ಸಿ ಹೋಗಿತ್ತು.

ಮರುಳಸಿದ್ದಯ್ಯನವರಿಗೆ ನಗು ಬರಲಿಲ್ಲ. ನಗಿಸುವುದೇ ಕಸುಬಾಗಿದ್ದ ಮನುಷ್ಯ ತಾವು ನಕ್ಕು ಎಷ್ಟೋ ಕಾಲವಾಗಿತ್ತು. ಸಂಜೆ ಪತ್ರಿಕೆಯ ಮೂಲೆಯಲ್ಲಿ ಅವರ ವ್ಯಂಗ್ಯಚಿತ್ರ ನೋಡದೆ ಹೊಸಕಟ್ಟೆಯ ಜನ ಕಾಫಿ ಮುಟ್ಟುತ್ತಿರಲಿಲ್ಲ. ಈಗ ಕೈನಡುಕ ಶುರುವಾಗಿ, ಚಿತ್ರದಲ್ಲಿ ಎಮ್ಮೆ ಯಾವುದು, ಶಾಸಕರು ಯಾರು ಎಂದು ಓದುಗರು ಫೋನು ಮಾಡಿ ಕೇಳುವಂತಾಗಿತ್ತು. "ಇವತ್ತಿಂದೂ ಹಿಂಗೇ ಆದ್ರೆ ಆ ಜಾಗ ಬೇರೆಯವ್ರಿಗೆ ಕೊಡ್ಬೇಕಾಗುತ್ತೆ ಸಾರ್" ಎಂದು ಸಂಪಾದಕ ಬೆಳಿಗ್ಗೆಯೇ ಹೇಳಿದ್ದ. ಆ ಮೂಲೆಯೂ ಹೋದರೆ ತಾನು ಯಾರು ಎಂದು ಯೋಚಿಸಿ ಅವರಿಗೆ ಊಟ ಸೇರಿರಲಿಲ್ಲ.

ಯಂತ್ರದ ಪಟ್ಟಿ ಮುಂಗೈಗೆ ಸುತ್ತಿಕೊಂಡಿತು. ಕಬ್ಬಿಣದ ತೋಳು ಗುರ್ ಎಂದಿತು. ಕೈ ಅಲುಗದೆ ನಿಂತಿತು. ಮರುಳಸಿದ್ದಯ್ಯನವರ ಕಣ್ಣು ತುಂಬಿಬಂತು.

ಊರಿನ ನಲ್ಲಿಗಳಲ್ಲಿ ನೀರಿರಲಿಲ್ಲ. ಪುರಸಭಾ ಅಧ್ಯಕ್ಷ ಕೆಂಪಹನುಮಯ್ಯನ ಹೊಟ್ಟೆಯೇ ನೀರಿನ ಟ್ಯಾಂಕು, ಹೊಕ್ಕುಳಲ್ಲಿ ಬೀಗ ಹಾಕಿದ ನಲ್ಲಿ, ಮುಂದೆ ಕೊಡ ಹಿಡಿದು ಶಾಪ ಹಾಕುವ ಹೆಂಗಸರು. ಹೀಗೆ ಯೋಚಿಸಿಕೊಂಡು ಎಂದಿನಂತೆ ಮೂಗಿನಿಂದ ಶುರುಮಾಡಿದರು. ತೋಳು ಕೈಯನ್ನು ಎಳೆದು ಗೆರೆಯನ್ನು ನೆಟ್ಟಗೆ ಮಾಡಿತು.

"ಇದೇನೋ, ಮೂಗನ್ನ ತಿದ್ತಾ ಐತೆ?"

"ಓರೆ ಇತ್ತಲ್ಲ ಭಾವ."

"ಅವನ ಮೂಗು ಇರೋದೇ ಓರೆ ಕಣೋ!"

"ಇರ್ಲಿ. ಡ್ರಾಯಿಂಗಲ್ಲಿ ಇರಬಾರ್ದು."

ತಾನು ಸರ್ವಿಸ್ ಪೂರ್ತಿ ಕೆಂಪು ಪೆನ್ನಿನಲ್ಲಿ ತಿದ್ದಿದ್ದ ಹುಡುಗರ ಡ್ರಾಯಿಂಗ್ ಹಾಳೆಗಳನ್ನೆಲ್ಲ ತೋರಿಸಿ ಷಡಕ್ಷರಿ ಆ ಯಂತ್ರಕ್ಕೆ ವಿದ್ಯೆ ಕಲಿಸಿದ್ದ. ಹೊಟ್ಟೆ ಕೈವಾರದಲ್ಲಿ ಎಳೆದಷ್ಟು ದುಂಡಗಾಯಿತು, ಹೊಕ್ಕುಳಿನ ನಲ್ಲಿಯೂ ಬೀಗವೂ ನಟ್ಟನಡುವೆ ಕೂತವು. ಅದರ ಎರಡೂ ಬದಿಗೆ ಬಾಣದ ಗುರುತು ಬಿದ್ದು, ನಲವತ್ತಾರು ಇಂಚು ಎಂಬ ಅಳತೆ ಬಂತು. ಶಾಪ ಹಾಕಬೇಕಿದ್ದ ಹೆಂಗಸರು ಒಂದೇ ಎತ್ತರಕ್ಕೆ ಶಿಸ್ತಾಗಿ ಸಾಲುಗಟ್ಟಿದರು. ಮರುಳಸಿದ್ದಯ್ಯನವರು ಕೈ ಎಳೆದುಕೊಂಡಷ್ಟೂ ಪಟ್ಟಿ ಬಿಗಿಯಾಯಿತು. ಪಕ್ಕದಿಂದ ಕಾಣುವ ಅಧ್ಯಕ್ಷ, ಮೇಲಿಂದ ಕಾಣುವ ಅಧ್ಯಕ್ಷ ಎಂದು ಇನ್ನೆರಡು ನೋಟಗಳನ್ನೂ ಬರೆಸಿ, ಎದೆಯ ಮೇಲೆ ಹತ್ತಕ್ಕೆ ಒಂಬತ್ತು ಎಂದು ಅಂಕ ಹಾಕಿಯೇ ಅದು ಕೈ ಬಿಟ್ಟಿತು.

"ಒಂದು ಮಾರ್ಕು ಯಾಕೋ ಕಟ್ಟು?"

"ಹತ್ತಕ್ಕೆ ಹತ್ತು ನಾನು ಯಾರಿಗೂ ಕೊಟ್ಟಿಲ್ಲ ಭಾವ."

ಪತ್ರಿಕೆಯವನು ಬಾಗಿಲಲ್ಲಿ ಕಾಯುತ್ತಿದ್ದ. ಬೇರೆ ಬರೆಯಲು ಹೊತ್ತಿರಲಿಲ್ಲ. ಅದನ್ನೇ ಕೊಟ್ಟರು.

ಊರಲ್ಲಿ ಒಬ್ಬರೂ ನಗಲಿಲ್ಲ. ಮರುದಿನ ಕೆಂಪಹನುಮಯ್ಯನೇ ಹಾರ ಹಿಡಿದು ಬಂದ. "ಇಷ್ಟು ಲಕ್ಷಣವಾಗಿ ನನ್ನ ಯಾರೂ ಬರೆದಿರ್ಲಿಲ್ಲ ಸಾರ್. ನೀರು ಕೊಡೋ ಧಣಿ ಅಂತ ಹೆಣ್ಮಕ್ಕಳು ಸಾಲಾಗಿ ನಿಂತವ್ರೆ. ಬಸ್ ಸ್ಟ್ಯಾಂಡ್ ಮುಂದೆ ನನ್ನ ಪ್ರತಿಮೆ ಮಾಡಿಸೋಣ ಅಂತಿದ್ದೆ, ಅಳತೆ ಸಮೇತ ನಕ್ಷೆನೇ ಸಿಕ್ತು."

"ಅದು ವ್ಯಂಗ್ಯ ಸ್ವಾಮಿ."

"ಬಹಳ ವಿನಯ ನಿಮ್ದು" ಎಂದು ಹಾರ ಹಾಕಿಯೇಬಿಟ್ಟ.

ಅನಾವರಣದ ದಿನ ಪರದೆ ಸರಿಯಿತು. ನೆಟ್ಟನೆಯ ಮೂಗು, ದುಂಡು ಹೊಟ್ಟೆ, ಹೊಕ್ಕುಳಲ್ಲಿ ಬೀಗ ಹಾಕಿದ ನಲ್ಲಿ. ಹೊಟ್ಟೆಯ ಎರಡೂ ಬದಿಗೆ ಚಾಚಿದ ಕಬ್ಬಿಣದ ಬಾಣ, ನಲವತ್ತಾರು ಇಂಚೆಂಬ ಫಲಕ. ಎದೆಯ ಮೇಲೆ ಸಿಮೆಂಟಿನಲ್ಲಿ ಹತ್ತಕ್ಕೆ ಒಂಬತ್ತು.

"ನಕ್ಷೇಲಿ ಇರೋದು ಬಿಟ್ರೆ ಬಿಲ್ ಪಾಸಾಗಲ್ಲ" ಎಂದ ಗುತ್ತಿಗೆದಾರ.

ನೆರೆದವರೆಲ್ಲ ಗೊಳ್ಳೆಂದರು. ಆಮೇಲೆ ಬಸ್ಸಿನಲ್ಲಿದ್ದವರೂ ಇಳಿದು ಬಂದು ನಕ್ಕರು. ಅಧ್ಯಕ್ಷ ಅದನ್ನು ಜನರ ಸಂತೋಷವೆಂದೇ ತಿಳಿದು ಕೈಮುಗಿದ.

ಸಂಜೆ ಸಂಪಾದಕನ ಫೋನು ಬಂತು. ಮಾತು ಮುಗಿಸಿದ ಮರುಳಸಿದ್ದಯ್ಯನವರು ಪೆನ್ನುಗಳನ್ನು ಒಂದೊಂದಾಗಿ ತೊಳೆದು ಒರೆಸತೊಡಗಿದರು.

"ಏನಂತೆ?" ಎಂದರು ಹೆಂಡತಿ ಸರ್ವಮಂಗಳಮ್ಮ.

"ನನ್ನ ಜಾಗಕ್ಕೆ ಬೇರೆಯವ್ರು ಸಿಕ್ಕಿದ್ರಂತೆ. ಇನ್ಮೇಲೆ ದಿನಾ ಆ ಪ್ರತಿಮೆದೇ ಒಂದು ಫೋಟೊ ಹಾಕ್ತಾರಂತೆ."

ಸರ್ವಮಂಗಳಮ್ಮ ಪಕ್ಕದಲ್ಲಿ ಬಂದು ಕೂತರು. "ನಿಮ್ಮಷ್ಟು ನಗಿಸ್ತಾರಾ ಅವ್ರು?"

"ನನಗಿಂತ ಚೆನ್ನಾಗಿ. ಅಧ್ಯಕ್ಷರಿಗಿನ್ನೂ ಅದು ಗೊತ್ತಾಗಿಲ್ಲ, ಅಷ್ಟೆ."