ನನ್ನ ಲ್ಯಾಪ್‌ಟಾಪ್ ಹೇಳಿದ ವರ್ಷನ್

ನನಗೆ ಹೊಟ್ಟೆಕಿಚ್ಚು ಜಾಸ್ತಿ ಎಂದು ಒಪ್ಪಿಕೊಂಡರೆ ನಿಮಗೆ ನನ್ನ ಮೇಲಿನ ಗೌರವ ಕಡಿಮೆಯಾಗಬಹುದು. ಆದರೂ ಹೇಳಿಬಿಡುತ್ತೇನೆ. ಕೋಟ್ಯಧಿಪತಿಗಳನ್ನು ಕಂಡರೆ ನನಗೇನೂ ಆಗುವುದಿಲ್ಲ. ನನ್ನ ಅಸೂಯೆಯೆಲ್ಲ ಎರಡು ಕುರ್ಚಿ ಆಚೆ ಕೂರುವ ಮಲ್ಲಿಕಾರ್ಜುನನ ಮೇಲೆ. ಪುಣೆಯ ಈ ಆಫೀಸಿನಲ್ಲಿ ಕನ್ನಡದವರು ನಾವಿಬ್ಬರೇ. ನಾನು ಹಾಸನದವನು, ಏಳು ವರ್ಷವಾದರೂ ನನ್ನ ಮರಾಠಿ ಆಟೋದವನಿಗೆ ದಾರಿ ಹೇಳುವುದರಾಚೆ ಹೋಗಿಲ್ಲ. ಅವನು ವಿಜಯಪುರದವನು, ನಮ್ಮ ಮ್ಯಾನೇಜರ್ ದೇಶಪಾಂಡೆ ಮೇಡಂ ಜೊತೆ ಮರಾಠಿಯಲ್ಲೇ ಹರಟುತ್ತಾನೆ, ಲೋಣಾವಳಾಕ್ಕೆ ಹೋದರೆ ನೆನಪಿಟ್ಟು ಅವರಿಗೆ ಚಿಕ್ಕಿ ತರುತ್ತಾನೆ. ನನಗೂ ತರುತ್ತಾನೆ. ತಿನ್ನುತ್ತೇನೆ, ಆದರೆ ಸಂತೋಷದಿಂದಲ್ಲ.

ಕಳೆದ ತಿಂಗಳು ನಮ್ಮ ಹಳೆಯ ಡೇಟಾಬೇಸ್ ಸರ್ವರನ್ನು ಹೊಸ ವರ್ಷನ್ನಿಗೆ ಏರಿಸುವ ಕೆಲಸ ಬಂತು. ಅದಕ್ಕೆ ಲೀಡ್ ಯಾರೆಂದು ಸಂಜೆ ಹೇಳುವುದಾಗಿ ಮೇಡಂ ಪ್ರಕಟಿಸಿದರು. ಅದು ನನಗೇ ಸಿಗಬೇಕೆಂದು ನನ್ನ ಆಸೆ. "ಅಂದ ಹಾಗೆ, ಈಗ ಅಲ್ಲಿರುವುದು ಯಾವ ವರ್ಷನ್?" ಎಂದು ಅವರು ಕೇಳಿದ್ದೇ ತಡ, ಮಲ್ಲಿಕಾರ್ಜುನ ಬಾಯಿ ತೆರೆಯುವ ಮೊದಲೇ ಒಂದು ಕಮಾಂಡ್ ಕುಟ್ಟಿ "ಹದಿನಾರು!" ಎಂದು ಕೂಗಿದೆ. ಮೇಡಂ ಮುಖ ಅರಳಿತು. ಹಾಗಾದರೆ ತೀರಾ ಹಳೆಯದೇನಲ್ಲ, ಕೆಲಸ ಸಣ್ಣದು, ಎರಡೇ ದಿನ ಸಾಕೆಂದು ಗ್ರಾಹಕರಿಗೆ ಸಂಜೆ ಬರೆದುಬಿಡುತ್ತೇನೆ ಎಂದರು. ನಾನು ಮಲ್ಲಿಕಾರ್ಜುನನ ಕಡೆ ನೋಡಿದ ನೋಟವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಸ್ವಲ್ಪ ಹೊತ್ತಿಗೆ ಅವನು ಎರಡು ಕಪ್ ಚಹಾ ಹಿಡಿದು ಬಂದ.

"ಸರ, ನೀವು ಕೇಳಿದ್ದು ನಿಮ್ಮ ಲ್ಯಾಪ್‌ಟಾಪಿಗ್ರಿ. ಸರ್ವರಿಗೆ ಲಾಗಿನ್ ಆಗಿ ಅದನ್ನ ಕೇಳಬೇಕ್ರಿ. ನಾ ಈಗ ನೋಡಿದೆ, ಅಲ್ಲಿ ಹನ್ನೊಂದು ಅದ. ಭಾಳ ಹಳೇದು."

ಸರ್ವರ್ ಜೊತೆ ಮಾತಾಡಲು ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಪುಟ್ಟ ತಂತ್ರಾಂಶವಿದೆ. ನಾನು ಕೂಗಿದ್ದು ಅದರ ವರ್ಷನ್. ಅಜ್ಜನ ವಯಸ್ಸು ಕೇಳಿದವರಿಗೆ ಮೊಮ್ಮಗನ ವಯಸ್ಸು ಹೇಳಿದ ಹಾಗಾಗಿತ್ತು.

ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಮೇಡಂ ಕೋಣೆಯಲ್ಲಿದ್ದ. ಗಾಜಿನಾಚೆ ಮರಾಠಿ ಮಾತು, ನಡುವೆ ನನ್ನ ಹೆಸರು, ಮೇಡಂ ನಗು. ಮುಗಿಯಿತು ನನ್ನ ಕಥೆ ಎಂದುಕೊಂಡು, ಅವನು ತಂದ ಚಹಾವನ್ನೇ ಕುಡಿಯುತ್ತಾ ಅವನನ್ನು ಮನಸಾರೆ ಶಪಿಸಿದೆ.

ಮೇಡಂ ಹೊರಗೆ ಬಂದರು. "ಸರ್ವರಿನಲ್ಲೇ ಇನ್ನೊಮ್ಮೆ ನೋಡೋಣ ಅಂತ ನೀವೇ ಹೇಳಿದಿರಂತೆ. ಒಳ್ಳೆಯದಾಯಿತು, ಮೇಲ್ ಇನ್ನೂ ಕಳಿಸಿರಲಿಲ್ಲ. ಲೀಡ್ ನೀವೇ ಆಗಿ. ಮಲ್ಲಿಕಾರ್ಜುನನೂ ಅದನ್ನೇ ಹೇಳುತ್ತಿದ್ದಾನೆ."

ಮನೆಯಲ್ಲಿ ಹೆಂಡತಿಗೆ ಹೇಳಿದರೆ, ನಾನು ಲೀಡ್ ಆದದ್ದು ಅವಳ ಕಿವಿಗೇ ಬೀಳಲಿಲ್ಲ. "ಎಂಥಾ ಒಳ್ಳೇ ಮನುಷ್ಯ ಕಣ್ರೀ ಅವ್ರು! ಭಾನುವಾರ ಊಟಕ್ಕೆ ಕರೀರಿ" ಎಂದಳು. ಇಷ್ಟು ದಿನ ಅವನ ಕೆಲಸದ ಮೇಲೆ, ಮರಾಠಿಯ ಮೇಲೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಈಗ ಒಳ್ಳೆಯತನದಲ್ಲೂ ಅವನೇ ಮುಂದೆ. ಅವನನ್ನು ಬೈದುಕೊಂಡು ಹಾಯಾಗಿದ್ದೆ. ಆ ಒಂದು ಸುಖವನ್ನೂ ಕಸಿದುಕೊಂಡನಲ್ಲ, ಅದನ್ನು ಮಾತ್ರ ನಾನು ಕ್ಷಮಿಸಲಾರೆ.