ಸೈಕಲ್ಲಿನ ಸಾಮಾನಿಗೆ ಬನ್ನಿ ಕೊಟ್ಟ ಕಾಕಾ

ನಮ್ಮ ಕಾಕಾಗೆ ತಮ್ಮ ಇಬ್ಬರು ಮಕ್ಕಳು ಯಾವ ತಿಂಗಳು ಹುಟ್ಟಿದರೆಂಬುದು ನೆನಪಿಲ್ಲ. ಆದರೆ ಅವರ ಸೈಕಲ್ಲಿನ ಹಿಂದಿನ ಗಾಲಿ ಎಲ್ಲೆಲ್ಲಿ ಪಂಕ್ಚರ್ ಆಗಿತ್ತು ಎಂದು ಕೇಳಿ ನೋಡಿ! ಊರು, ರಸ್ತೆ, ಚುಚ್ಚಿದ್ದು ಜಾಲಿ ಮುಳ್ಳೋ ಮೊಳೆಯೋ, ಎಲ್ಲವನ್ನೂ ಹೇಳಿ, ಅವತ್ತು ಪಂಕ್ಚರ್ ತೆಗೆದವನ ಮನೆತನದ ಕಥೆಯನ್ನೂ ಮುಗಿಸಿ, ಚಹಾ ಕುಡಿಸಿಯೇ ಕಳಿಸುತ್ತಾರೆ. ಚಹಾ ಮಾಡುವವರು ಕಾಕಿ. ಅದು ಬೇರೆ ಮಾತು.

ಕಾಕಾ ನನ್ನ ಅಪ್ಪನ ತಮ್ಮ. ಮನೆ ಕಲಬುರಗಿಯ ಗಾಜಿಪುರದಲ್ಲಿ. ಮೈಯಲ್ಲಿ ಶಕ್ತಿ ಇರುವವರೆಗೂ ನಂದೂರಿನ ಒಂದು ದಾಲ್ ಮಿಲ್ಲಿಗೆ ಅದೇ ಸೈಕಲ್ಲಿನ ಮೇಲೆ ಹೋಗಿಬಂದವರು. ಮಳೆ ಬಂದರೆ ತಮ್ಮ ತಲೆಗೆ ಟಾವೆಲ್ಲು, ಸೈಕಲ್ಲಿನ ಸೀಟಿಗೆ ಪ್ಲಾಸ್ಟಿಕ್ ಹಾಳೆ! ಇಂಥ ಮನುಷ್ಯ ಆ ಸೈಕಲ್ಲನ್ನೇ ಬಿಚ್ಚಿ ನನಗೆ ಕೊಡುತ್ತೇನೆ ಅಂದರೆ ಯಾರು ನಂಬಬೇಕು?

ನಾನು ನರ್ಸು. ಕಮಲಾಪುರದ ಆಚೆ ಒಂದು ಹಳ್ಳಿಯಲ್ಲಿ ನನ್ನ ಉಪಕೇಂದ್ರ. ಮನೆಮನೆಗೆ ಹೋಗಿ ಬಸುರಿ ಬಾಣಂತಿಯರನ್ನು ನೋಡುವುದು, ಕೂಸುಗಳಿಗೆ ಲಸಿಕೆ ಹಾಕುವುದು ನನ್ನ ಕೆಲಸ. ಆರು ತಿಂಗಳ ಹಿಂದೆ ತುಂಬಿದ ಬಸ್ಸಿನಿಂದ ಇಳಿಯುವಾಗ ಬಿದ್ದು ಎಡಮಂಡಿ ಮುರಿಯಿತು. ಮೂಳೆ ಕೂಡಿತು, ಮಂಡಿ ಮಾತ್ರ ಅರ್ಧಕ್ಕಿಂತ ಹೆಚ್ಚು ಬಗ್ಗಲು ಒಪ್ಪಲಿಲ್ಲ. ಬಹಳ ನಡೆದರೆ ಊದುತ್ತದೆ. ಸ್ಕೂಟಿಯನ್ನು ನಿಲ್ಲಿಸಿದರೆ ಅದರ ಭಾರವೆಲ್ಲ ಅದೇ ಕಾಲಿನ ಮೇಲೆ. ಮೇಲಿನವರು ಸಮಾಧಾನದಿಂದಲೇ ಹೇಳಿದರು, "ಅಡ್ಡಾಡ್ಲಾಕ ಆಗಲ್ಲಂದ್ರ ಬರದು ಕೊಡ್ರಿ ಸಿಸ್ಟರ್, ಬ್ಯಾರೆಯವರನ್ನ ಹಾಕ್ತೀವಿ." ರಜೆ ದಸರೆಗೆ ಮುಗಿಯುತ್ತಿತ್ತು. ಬರೆದು ಕೊಡುವ ಅರ್ಜಿಯನ್ನು ಎರಡು ಸಲ ಬರೆದು ಎರಡು ಸಲ ಹರಿದಿದ್ದೆ. ಆ ಹಳ್ಳಿಯ ಅರ್ಧ ಕೂಸುಗಳು ಹುಟ್ಟಿದ್ದೇ ನನ್ನ ಕೈಯಲ್ಲಿ, ಹೇಗೆ ಬಿಡಲಿ?

ಡಾಕ್ಟರು ಸೈಕಲ್ ಹೊಡೆದರೆ ಮಂಡಿಗೆ ಒಳ್ಳೆಯದು ಎಂದಿದ್ದರು. ಅಷ್ಟು ಕಿವಿಗೆ ಬಿದ್ದದ್ದೇ ತಡ, ಕಾಕಾ ಎದ್ದು ಕೂತರು. ಹೊಸದು ಕೊಳ್ಳುತ್ತೇನೆ ಅಂದೆ. "ಹೊಸಾ ಸೈಕಲ್ ಅಂದ್ರ ಬಣ್ಣ ಹಚ್ಚಿದ ತಗಡು! ನಂದು ಬಿಚ್ಚಿ ಕಟ್ಟಿಕೊಡ್ತೀನಿ." ಆದರೆ ಅವರದು ಗಂಡಸರ ಸೈಕಲ್. ನಡುವಿನ ಕಬ್ಬಿಣದ ಕೋಲು ದಾಟಿ ಕಾಲು ಹಾಕುವುದು ನನ್ನಿಂದಾಗದ ಮಾತು. ಅದಕ್ಕೆ ಕೋಲಿಲ್ಲದ ಲೇಡೀಸ್ ಫ್ರೇಮ್ ಬೇಕು.

ಅದು ಸಿಕ್ಕಿದ್ದು ಕಮಲಾಪುರದಲ್ಲಿ, ಕಾಕಾನ ಗೆಳೆಯರಾದ ಕೆಂಪು ಬಾಳೆಹಣ್ಣಿನ ವ್ಯಾಪಾರಿಯೊಬ್ಬರ ಹಿತ್ತಲಲ್ಲಿ. ಫ್ರೇಮಿನ ತುಂಬ ಹೀರೇಬಳ್ಳಿ ಹಬ್ಬಿತ್ತು. ಬಳ್ಳಿ ಬಿಡಿಸಿ, ಎರಡು ಹೀರೇಕಾಯಿ ಚೀಲಕ್ಕೆ ಹಾಕಿಕೊಂಡು, ಫ್ರೇಮನ್ನು ಹೆಗಲಿಗೇರಿಸಿ ಕಾಕಾ ಕಲಬುರಗಿ ಬಸ್ ಹತ್ತಿದರು. ಕಂಡಕ್ಟರ್ ತಡೆದ.

"ಸೈಕಲ್ಲಿಗೆ ಲಗೇಜ್ ಟಿಕೆಟ್ ತಗೋರಿ."

"ಎಲ್ಲಿ ಅದ ಸೈಕಲ್? ಗಾಲಿ ತೋರಸ್ರಿ!"

"ಹಂಗಾರ ಇದೇನ್ರೀ ಯಜಮಾನ್ರ?"

"ಇದರ ಜೀವ ಹೋಗಿ ಭಾಳ ವರ್ಷ ಆಯ್ತು. ಸತ್ತವರಿಗೆ ಯಾರರೆ ಟಿಕೆಟ್ ಹರೀತಾರೇನು?"

ಬಸ್ಸೆಲ್ಲ ನಕ್ಕಿತಂತೆ. ಕಂಡಕ್ಟರ್ ಮಾತ್ರ ನಗುತ್ತಲೇ ಟಿಕೆಟ್ ಹರಿದ.

ಮನೆಗೆ ಬಂದು ಬಿಚ್ಚುವ ಕೆಲಸ ಶುರುವಾಯಿತು. ಗಾಲಿ, ಹ್ಯಾಂಡಲ್, ಬ್ರೇಕು, ಚೈನು, ಮಡ್ಗಾರ್ಡು, ಎಲ್ಲವೂ ಕಾಕಿಯ ಹೊಸ ಬೆಡ್‌ಶೀಟಿನ ಮೇಲೆ ಸಾಲಾಗಿ ಕೂತವು. ಬೇರಿಂಗಿನ ಗುಂಡುಗಳು ಮಸಾಲೆ ಡಬ್ಬಿ ಸೇರಿ, ಸೀಮೆಎಣ್ಣೆಯಲ್ಲಿ ಈಜಾಡತೊಡಗಿದವು. ಆ ವಾರ ಅವರ ಮನೆಯ ಸಾರಿನಲ್ಲಿ ಸಾಸಿವೆ ಇರಲಿಲ್ಲ.

ಮಹಾನವಮಿಯ ಬೆಳಿಗ್ಗೆ ಜೋಡಿಸಲು ಕೂಡಬೇಕು. ಕಾಕಾ ಕ್ಷೌರಕ್ಕೆ ಹೋಗಿ ಬರುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು! ಅವತ್ತು ನಮ್ಮ ಕಡೆ ಖಂಡೆ ಪೂಜೆ, ಅಂದರೆ ಆಯುಧ ಪೂಜೆ. ಕಾಕಿ ನಟ್ ತಿರುಗಿಸುವ ಪಾನಾದಂಥ ಹತ್ಯಾರಗಳ ಜೊತೆಗೆ ಬೆಡ್‌ಶೀಟಿನ ಮೇಲಿದ್ದ ಒಂದೊಂದು ಸಾಮಾನಿಗೂ ಕುಂಕುಮ, ಅರಿಶಿಣ, ಚೆಂಡುಹೂವು ಏರಿಸಿ ಕಾಯಿ ಒಡೆದಿದ್ದರು. ಪೂಜೆಗಿಟ್ಟದ್ದನ್ನು ಮರುದಿನ ದಸರೆಯ ಸಂಜೆ ಬನ್ನಿ ಎಲೆ ಕೊಡುವತನಕ ಮುಟ್ಟುವ ಹಾಗಿಲ್ಲ.

"ಪೂಜಿ ಆಗಿದ್ದು ಬಿಡಿ ಸಾಮಾನಿಗೆ. ಸೈಕಲ್ಲಿಗೆ ಆಗಿಲ್ಲಲ್ಲ?" ಕಾಕಾ ವಕೀಲಿ ಮಾಡಿದರು.

"ಪಾನಾಕ್ಕೂ ಆಗ್ಯಾದ," ಎಂದರು ಕಾಕಿ. "ಬರೀ ಕೈಲೆ ನಟ್ ತಿರುವ್ತೀರೇನು?"

ಕಾಕಿ ಫೋನಿನಲ್ಲಿ ಇದನ್ನು ಹೇಳಿದಾಗ ನಾನು ಅತ್ತದ್ದೊಂದೇ ಬಾಕಿ. ದಸರೆಯ ಮರುದಿನವೇ ನಾನು ಕೆಲಸಕ್ಕೆ ಹಾಜರಾಗಬೇಕು. ಕಾಕಾ ಏನು ಮಾಡುತ್ತಿದ್ದಾರೆ ಎಂದು ಕೇಳಿದರೆ ಕಾಕಿ, "ಸಿಟ್ಟು ಮಾಡಿಕೊಂಡು ಓಣ್ಯಾಗ ತಿರುಗ್ಲತ್ತಾರ" ಎಂದಷ್ಟೇ ಹೇಳಿದರು.

ದಸರೆಯ ಸಂಜೆ ಬನ್ನಿ ಕೊಡಲು ಅವರ ಮನೆಗೆ ಹೋದೆ. ಕಾಕಾ ಹಿರಿಯರನ್ನೂ ಕಿರಿಯರನ್ನೂ ಬಿಟ್ಟು ಮೊದಲು ಬೆಡ್‌ಶೀಟಿನ ಮುಂದೆ ಕೂತರು. ಪಾನಾಕ್ಕೆ ಒಂದೆಸಳು, ಗಾಲಿಗೊಂದು, ಚೈನಿಗೊಂದು. "ಬನ್ನಿ ತಗೋರಿ, ನಾವು ನೀವು ಬಂಗಾರದಂಗ ಇರೂಣು." ಬೆಲ್ಲಿಗೂ ಕೊಟ್ಟು, ಕೈಮುಗಿದು, ಕೊನೆಗೆ ಕಾಕಿಯತ್ತ ತಿರುಗಿದರು.

"ಚೈನಿಗೆ ಮೊದಲ, ನನಗ ಆಮ್ಯಾಲೇನು?"

"ಚೈನ್ ನನ್ನ ಜೋಡಿ ಜಗಳಾಡಂಗಿಲ್ಲ."

"ಅದಕ್ಕ ವಾರಕ್ಕೊಮ್ಮೆ ಎಣ್ಣಿ ಬಿಡ್ತೀರಲ್ಲ!"

ರಾತ್ರಿಯೇ ಜೋಡಿಸಿದ ಸೈಕಲ್ ಮರುದಿನ ಬೆಳಿಗ್ಗೆ ಕಮಲಾಪುರ ಸ್ಟ್ಯಾಂಡಿನಲ್ಲಿತ್ತು. ಹಣ್ಣು ಇಳಿಸಿ ಖಾಲಿ ಹೋಗುವ ಟೆಂಪೋದಲ್ಲಿ ಹೇರಿಕೊಂಡು, ಕಾಕಾ ನನಗಿಂತ ಮೊದಲೇ ಬಂದಿದ್ದರು. ಹಳೆಯ ಸೈಕಲ್ಲಿನ ಎಲ್ಲ ಸಾಮಾನುಗಳೂ ಹೊಸ ಮೈಯಲ್ಲಿ ಮಿಂಚುತ್ತಿದ್ದವು. ಆದರೆ ಇದೇನಿದು? ಪೆಡಲನ್ನು ಹಿಡಿದಿರುವ ಕಬ್ಬಿಣದ ದಂಡ ಬಲಕ್ಕೆ ಉದ್ದ, ಎಡಕ್ಕೆ ಗಿಡ್ಡ!

"ಕಾಕಾ, ಇದು ಯಾವ ಕೂಸಿನ ಸೈಕಲ್ಲಿಂದು ಹಚ್ಚೀರಿ? ಕಣ್ಣು ಕಾಣಂಗಿಲ್ಲೇನ್ರೀ ನಿಮಗ?"

"ಬಾಯಿ ಮುಚ್ಚಿ ಹತ್ತವ್ವ," ಎಂದು ಕಾಕಾ ಕಲಬುರಗಿ ಬಸ್ಸಿನ ಕಡೆ ನಡೆದರು. ಹಿಂತಿರುಗಿಯೂ ನೋಡಲಿಲ್ಲ.

ಹತ್ತಿದೆ. ಹೆದರುತ್ತಲೇ ತುಳಿದೆ. ಪೆಡಲ್ ಒಂದು ಸುತ್ತು ಬಂತು, ಮಂಡಿ ಎಲ್ಲೂ ತಡೆಯಲಿಲ್ಲ. ಎರಡು ಸುತ್ತು, ಹತ್ತು ಸುತ್ತು. ಹೊಲಗಳ ನಡುವಿನ ದಾರಿಯಲ್ಲಿ ನಾನೊಬ್ಬಳೇ ಬೆಲ್ ಬಾರಿಸುತ್ತ ಹೋದೆ. ಅವತ್ತು ಹನ್ನೊಂದು ಮನೆಗಳಿಗೆ ಹೋದೆ. ಒಬ್ಬ ಬಾಣಂತಿ ನನ್ನ ಕೈ ಹಿಡಿದು, "ನೀವು ಬರಂಗಿಲ್ಲಂತ ಹೇಳಿದ್ರು, ನಾ ನಂಬಲಿಲ್ಲ ನೋಡ್ರಿ" ಎಂದಳು.

ಮಧ್ಯಾಹ್ನ ಫೋನ್ ಮಾಡಿದೆ. ಎತ್ತಿದವರು ಕಾಕಿ. ಗಿಡ್ಡ ದಂಡದ ಮಾತು ತೆಗೆದದ್ದೇ ತಡ, ಹೊಟ್ಟೆಯಲ್ಲಿಟ್ಟುಕೊಂಡದ್ದನ್ನೆಲ್ಲ ಹೊರಹಾಕಿದರು.

"ಹೇಳಬ್ಯಾಡ ಅಂದಿದ್ರು ಅವರು. ಪಾನಾ ಮುಟ್ಟಲಾರದ ಆ ಎರಡು ದಿನ ಸುಮ್ಮ ಕೂತಿಲ್ಲವ್ವ. ಎಡಗಾಲಿಗೆ ಬಿಗಿ ಟಾವೆಲ್ ಸುತ್ತಿಕೊಂಡ್ರು. ನಿನ್ನ ಮಂಡಿ ಎಷ್ಟು ಬಗ್ಗತದೋ ತಂದೂ ಅಷ್ಟೇ ಬಗ್ಗಬೇಕು ಅಂತ. ಮಗ್ಗಲಮನಿ ಹುಡುಗಿ ಸೈಕಲ್ ಇಸಗೊಂಡು ಹೊಡದು ನೋಡಿದ್ರು. ಪೆಡಲ್ ಮ್ಯಾಲ ಬಂದಾಗ ಕಾಲು ಸಿಗಬೀಳ್ತಿತ್ತು. ಮೂರು ಸಲ ಬಿದ್ರು, ಮೊಣಕೈ ಕೆತ್ಯಾದ. ಓಣಿ ಮಂದಿ ಮುದುಕನಿಗೆ ಹುಚ್ಚು ಹಿಡದದ ಅಂತ ನಕ್ಕರು, ಒಬ್ಬರಿಗೂ ಹೇಳಲಿಲ್ಲ. ಆಮ್ಯಾಲ, ದಂಡ ಗಿಡ್ಡಾದ್ರ ಪೆಡಲ್ ಅಷ್ಟು ಮ್ಯಾಲ ಬರಂಗಿಲ್ಲಂತ, ಸಣ್ಣ ಹುಡುಗರ ಸೈಕಲ್ಲಿಂದು ಹುಡುಕಿ ತಂದ್ರು. ಅದೂ ಛಲೋನೇ ಆಯ್ತು, ನಾ ಪೂಜಿ ಮಾಡಿರಲಿಲ್ಲಂದ್ರ ಉದ್ದಂದೇ ಹಚ್ಚಿ ಕೊಡ್ತಿದ್ರು."

ಕಣ್ಣು ತುಂಬಿ, ಎದುರಿಗಿದ್ದ ಸೈಕಲ್ಲೇ ಕಾಣದಂತಾಯಿತು. ಅಷ್ಟರಲ್ಲಿ ಕಾಕಾ ಫೋನ್ ಕಸಿದುಕೊಂಡರು. ನನ್ನ ಬಿಕ್ಕು ಅವರಿಗೆ ಕೇಳಿಸಿರಬೇಕು.

"ಯಾಕವ್ವ? ಬಿದ್ದೇನು? ಎಲ್ಲಿ ಬಿದ್ದಿ?"

"ಇಲ್ಲ ಕಾಕಾ," ಅಂದೆ. "ನನ್ನ ಪಾಲಿಂದೆಲ್ಲ ನೀವೇ ಬಿದ್ದೀರಿ."