ಸೊನ್ನೆ ತಾಕಿಗೆ ಯೂರಿಯಾ ಬಡಿಸಿದ ಬಗ್ಗೆ

ಇಂದ:
ಎನೆಲೆಸಿ ಕಲುಂಬು, ಪ್ರಯೋಗದ ಹೊಲದ ಒಡತಿ, ಚಿಂಖೊಂಬೆ ಹಳ್ಳಿ, ಮಲಾವಿ.

ಗೆ:
ಶ್ರೀ ಕಪಲಮುಲ ಅವರು, ಕೃಷಿ ಸಲಹೆಗಾರರು.

ವಿಷಯ: ಹನ್ನೊಂದನೇ ನಂಬರ್ ಮೆಕ್ಕೆಜೋಳಕ್ಕೆ ಸಾರಜನಕ ಬೇಡವೆಂಬ ತಮ್ಮ ವರದಿಯನ್ನು ರದ್ದುಪಡಿಸುವ ಬಗ್ಗೆ.

ಉಲ್ಲೇಖ: ಹುಡುಗನ ಸೋದರಮಾವ ಆಡಿದ ಮಾತು.

ಮಾನ್ಯರೇ,

1. ಕಳೆದ ಮಳೆಗಾಲ ತಾವು ಅರ್ಜಿದಾರಳ ಹೊಲದಲ್ಲಿ ನಾಲ್ಕು ತಾಕು ಮಾಡಿ, ಎಂಟು ಮತ್ತು ಹನ್ನೊಂದನೇ ನಂಬರ್ ಹೈಬ್ರಿಡ್ ಬೀಜಗಳನ್ನು ಎರಡೆರಡು ತಾಕಿಗೆ ಬಿತ್ತಿಸಿದಿರಿ. ಪ್ರತಿ ಬೀಜದ ಒಂದು ತಾಕಿಗೆ ಗಿಡಕ್ಕೊಂದು ಸೋಡಾ ಮುಚ್ಚಳ ಯೂರಿಯಾ, ಇನ್ನೊಂದಕ್ಕೆ ಸೊನ್ನೆ ಎಂದು ಅಪ್ಪಣೆಯಾಯಿತು. ಹನ್ನೊಂದರ ಸೊನ್ನೆ ತಾಕು ರಸ್ತೆ ಪಕ್ಕಕ್ಕೇ ಬಂತು. ಅರ್ಜಿದಾರಳ ಹೆಸರಿನ ಫಲಕವನ್ನೂ ಅಲ್ಲೇ ನೆಟ್ಟಿರಿ.

2. ಮೊಣಕಾಲೆತ್ತರಕ್ಕೆ ಬರುವಷ್ಟರಲ್ಲಿ ಸದರಿ ತಾಕು ಕಾಮಾಲೆ ಹಿಡಿದಂತೆ ಹಳದಿಯಾಯಿತು. ನೆರೆಮನೆಯ ಫಲೆಸಿ ನೀರಿಗೆ ಹೋಗುವಾಗೆಲ್ಲ ನಿಂತು, "ಅಕ್ಕಾ, ಒಂದು ಮಗೂಗೆ ಹಾಲು, ಇನ್ನೊಂದಕ್ಕೆ ಬರೀ ಬೋರ್ಡಾ?" ಎನ್ನುತ್ತಿದ್ದಳು. ಅದನ್ನು ಸಹಿಸಲಾಯಿತು.

3. ಆದರೆ ಅದೇ ವಾರ ಮಗಳು ಮ್ವಾಯಿಯನ್ನು ಕೇಳಲು ಹುಡುಗನ ಸೋದರಮಾವ ಬಂದರು. ನಮ್ಮಲ್ಲಿ ಅಳಿಯ ಹೆಣ್ಣಿನ ಮನೆಗೇ ಬಂದು ಇರತಕ್ಕವನು. ತಾವೂ ಅತ್ತೆ ಮನೆಯಲ್ಲೇ ಇರುವ ಕಾರಣ ಹೆಚ್ಚು ವಿವರಿಸಬೇಕಾಗಿಲ್ಲ. ಅವರು ಫಲಕ ಓದಿದರು, ಬೆಳೆ ನೋಡಿದರು.

"ಅಲ್ಲಮ್ಮಾ, ಮನೆ ಮುಂದಿನ ಜೋಳಾನೇ ಹೊಟ್ಟೆಗಿಲ್ದೆ ಸಾಯ್ತಾ ಇದೆ. ನಮ್ಮ ಹುಡುಗ ಮೂರು ಮುದ್ದೆ ಎನ್ಸಿಮಾ ಉಣ್ಣೋನು. ಅವನ ಗತಿ?"

"ಅದು ಪ್ರಯೋಗದ್ದಣ್ಣಾ, ಬೇಕಂತಲೇ ಉಪವಾಸ ಕೆಡವಿದಾರೆ."

"ಬೇಕಂತ ಯಾರಾದ್ರೂ ಉಪವಾಸ ಕೆಡವ್ತಾರಾ?"

ಅವರು ನಗುತ್ತಾ ಎದ್ದು ಹೋದರು. ಮ್ವಾಯಿ ಹೋಗಿ ಫಲಕಕ್ಕೆ ಗೋಣಿಚೀಲ ಹೊದಿಸಿ ಬಂದಳು.

4. ಆದ್ದರಿಂದ ಎಂಟರ ತಾಕಿಗೆ ಸೇರಬೇಕಾದ ಯೂರಿಯಾವನ್ನು ಅರ್ಜಿದಾರಳು ಹನ್ನೊಂದರ ಸೊನ್ನೆ ತಾಕಿಗೆ ಬಡಿಸಿದಳು. ಆ ಕಾರಣ ಹಸಿರು ಬಂತು. ಹಸಿರು ಬಂದ ಕಾರಣ ಸೋದರಮಾವ ಪದ್ಧತಿಯಂತೆ ಗಂಡಿನ ಕಡೆಯ ಹುಂಜ ಹಿಡಿದು ಮರಳಿ ಬಂದರು. ನಮ್ಮ ಹೇಂಟೆ ಕೊಟ್ಟು ಸಂಬಂಧ ಗಟ್ಟಿಯಾಯಿತು. ಕೊಯ್ಲಿನಲ್ಲಿ ತಾವು ತೂಗಿ, "ಹನ್ನೊಂದಕ್ಕೆ ಗೊಬ್ಬರವೇ ಬೇಡ, ಎಂಟಕ್ಕೆ ಹಾಕಿದರೂ ದಂಡ" ಎಂದು ಬರೆದು, ಅರ್ಜಿದಾರಳಿಗೆ ಚಿತೆಂಜೆ ಬಟ್ಟೆಯ ಬಹುಮಾನ ಕೊಟ್ಟಿರಿ. ಎಲ್ಲರೂ ಚಪ್ಪಾಳೆ ತಟ್ಟುವಾಗ ಅವಳು ನಿಜ ಮುಚ್ಚಿಟ್ಟು ಬಟ್ಟೆ ಇಸಿದುಕೊಂಡಳು.

5. ಈಗ ಆ ವರದಿಯ ಮೇಲೆ ಊರಿನ ತೊಂಬತ್ತು ಮನೆಗೂ ಹನ್ನೊಂದರ ಬೀಜ ಮಾತ್ರ, ಗೊಬ್ಬರವಿಲ್ಲ ಎಂದು ಪಟ್ಟಿಯಾಗಿದೆ. ಅದರಲ್ಲಿ ಫಲೆಸಿಯ ಹೆಸರೂ ಇದೆ. ಅವಳಿಗೆ ನಾಲ್ಕು ಮಕ್ಕಳು. ಒಂದು ತಾಕಿನ ಮಾನ ಉಳಿಸಲು ಹೋಗಿ ಇಡೀ ಊರನ್ನೇ ಸೊನ್ನೆ ತಾಕು ಮಾಡಿದೆನೆಂದು ಅರ್ಜಿದಾರಳು ಈ ಮೂಲಕ ಒಪ್ಪಿಕೊಳ್ಳುತ್ತಾಳೆ.

ಆದ್ದರಿಂದ ವರದಿಯನ್ನು ರದ್ದುಪಡಿಸಿ, ಮಳೆ ಬೀಳುವ ಮೊದಲು ಪಟ್ಟಿಗೆ ಗೊಬ್ಬರ ಸೇರಿಸಿ, ಪ್ರಯೋಗವನ್ನು ಹೊಸದಾಗಿ ನಡೆಸಬೇಕಾಗಿ ಪ್ರಾರ್ಥನೆ. ಹೊಲ ಕೊಡಲು ಅರ್ಜಿದಾರಳು ಸಿದ್ಧಳಿದ್ದಾಳೆ.

ತಮ್ಮ ವಿಶ್ವಾಸಕ್ಕೆ ಇನ್ನು ಅರ್ಹಳಲ್ಲದ ವಿಶ್ವಾಸಿ,
ಎನೆಲೆಸಿ ಕಲುಂಬು

ಲಗತ್ತುಗಳು:
1. ಬಹುಮಾನದ ಬಟ್ಟೆ, ಅರ್ಧ (ಉಳಿದರ್ಧ ಮಗಳ ಮದುವೆಗೆ ಹೊಲಿಸಿಯಾಗಿದೆ).
2. ಸೋಡಾ ಮುಚ್ಚಳ, ಒಂದು.

ವಿಶೇಷ ಕೋರಿಕೆ: ಈ ಸಲ ಸೊನ್ನೆ ತಾಕಿನ ಫಲಕದ ಮೇಲೆ ತಮ್ಮ ಹೆಸರನ್ನೇ ಬರೆಸಿ, ತಮ್ಮ ಅತ್ತೆಯವರು ದಿನವೂ ಓಡಾಡುವ ದಾರಿಗೆ ಮುಖ ಮಾಡಿ ನೆಡತಕ್ಕದ್ದು. ಆಮೇಲೂ ತಾಕು ಹಳದಿಯಾಗಿಯೇ ಉಳಿದರೆ ತಮ್ಮ ವರದಿಯನ್ನು ಊರು ನಂಬುತ್ತದೆ.